ಥ್ಯಾಲಿಡೋಮೈಡ್ ಮತ್ತು ಮೈಲೋಮಾ: ಔಷಧಿ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಾರ್ಮಸಿಸ್ಟ್. ಕ್ಯಾನ್ಸರ್ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ಎಷ್ಟೋ ವರ್ಷಗಳಾದವು. ಬೇರೆ ಮಾತ್ರೆ ಕೊಟ್ಟರೆ ಜನ "ಊಟಕ್ಕೆ ಮುಂಚೆಯೋ, ಆಮೇಲೋ?" ಎಂದು ಕೇಳಿ ಹೊರಟುಬಿಡುತ್ತಾರೆ. ಥ್ಯಾಲಿಡೋಮೈಡ್ ಕೊಟ್ಟರೆ ಮಾತ್ರ ಅದೇ ಸಂಜೆ ಫೋನ್ ಬರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಯಾರೋ ಮೊಬೈಲಿನಲ್ಲಿ ಹೆಸರು ಹುಡುಕಿರುತ್ತಾರೆ. ಹೀಗೆ ಕಿಟಕಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಡೋಸು ಹೆಚ್ಚು ಕಡಿಮೆ ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಅದನ್ನು ಈ ಪುಟ ನೋಡಿ ಮಾಡಬೇಡಿ.

## ಶುರುವಿನ ಪ್ರಶ್ನೆಗಳು

ಗೂಗಲ್ ಮಾಡಿದ್ರೆ ಕೈಕಾಲಿಲ್ಲದ ಮಕ್ಕಳ ಫೋಟೋ ಬರುತ್ತೆ. ಡಾಕ್ಟರು ತಪ್ಪಾಗಿ ಬರೆದುಬಿಟ್ರಾ?

ಇಲ್ಲ. ಫೋಟೋಗಳೂ ನಿಜ, ಚೀಟಿಯೂ ಸರಿ. ಅದೇ ಔಷಧಿ. ಹೆಸರು ಒಂದೇ ಇರುವ ಬೇರೆ ಮಾತ್ರೆ ಅಲ್ಲ, "ಸುಧಾರಿಸಿದ" ಮಾತ್ರೆಯೂ ಅಲ್ಲ. 1950ರ ದಶಕದಲ್ಲಿ ನಿದ್ದೆಗೆಂದು ಬಂದು, ಸಾವಿರಾರು ಮಕ್ಕಳ ಬದುಕು ಕೆಡಿಸಿ, ಅಂಗಡಿಗಳಿಂದ ಹೊರಬಿದ್ದ ಮಾತ್ರೆಯೇ ಇವತ್ತು ಮೈಲೋಮಾ ಎಂಬ ಕ್ಯಾನ್ಸರಿಗೆ ಮದ್ದು. ಗರ್ಭದಲ್ಲಿರುವ ಮಗುವಿಗೆ ಅದು ಈಗಲೂ ಅಷ್ಟೇ ಅಪಾಯ. 66 ವರ್ಷದ ನಿಮ್ಮ ತಂದೆಯ ಕ್ಯಾನ್ಸರಿಗೆ ಉಪಯೋಗ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಎನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮೈಲೋಮಾ ಅಂದ್ರೆ ಮೂಳೆ ಕ್ಯಾನ್ಸರಾ? ಅಪ್ಪನಿಗೆ ಬರೀ ಬೆನ್ನುನೋವು ಇತ್ತಷ್ಟೆ.

ಮೂಳೆಯಲ್ಲಿ ತೊಂದರೆ ಕಾಣುತ್ತದೆ, ಆದರೆ ಇದು ರಕ್ತದ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳಿರುತ್ತವೆ. ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವುದು ಅವುಗಳ ಕೆಲಸ. ಅದರಲ್ಲಿ ಒಂದು ಕೋಶ ಕೆಟ್ಟು, ಲೆಕ್ಕವಿಲ್ಲದೆ ಬೆಳೆದು, ಕೆಲಸಕ್ಕೆ ಬಾರದ ಒಂದೇ ಥರದ ಪ್ರೋಟೀನನ್ನು ಸುರಿಯತೊಡಗಿದರೆ ಮೈಲೋಮಾ. ಮೂಳೆ ಸವೆಯುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ಕಿಡ್ನಿ ಹೊಡೆತ ತಿನ್ನುತ್ತದೆ.

ಬೆನ್ನುನೋವೆಂದು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ, ಕೊನೆಗೆ ಕಿಡ್ನಿ ಕೈಕೊಟ್ಟ ಮೇಲೆ ಇಲ್ಲಿಗೆ ಬರುವವರು ಬಹಳ ಜನ. ಹಾಗಾಗಿ ಒಂದು ಮಾತು: ಮೈಲೋಮಾ ಇರುವವರು ಮೆಡಿಕಲ್ ಶಾಪಿನಿಂದ ತಾವೇ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬಾರದು. ನೋವಿಗೆ ಏನು ತಗೊಳ್ಳಬೇಕೆಂದು ಡಾಕ್ಟರನ್ನೇ ಕೇಳಿ.

ಅಂಥ ಮಾತ್ರೆ ಅಂಗಡಿಗೆ ಬಂದಿದ್ದಾದ್ರೂ ಹೇಗೆ? ಯಾರೂ ನೋಡಲಿಲ್ವಾ?

ಪಶ್ಚಿಮ ಜರ್ಮನಿಯ ಗ್ರುನೆಂಥಾಲ್ ಕಂಪನಿ 1957ರ ಅಕ್ಟೋಬರಿನಲ್ಲಿ ಇದನ್ನು ಕಾಂಟರ್ಗಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಚೀಟಿ ಬೇಕಿರಲಿಲ್ಲ. ಆಗಿನ ನಿದ್ದೆ ಮಾತ್ರೆಗಳನ್ನು ಜಾಸ್ತಿ ನುಂಗಿದರೆ ಪ್ರಾಣವೇ ಹೋಗುತ್ತಿತ್ತು. ಇದರಲ್ಲಿ ಆ ಭಯ ಇರಲಿಲ್ಲ. "ಪೂರ್ತಿ ಸುರಕ್ಷಿತ" ಎಂದೇ ಜಾಹೀರಾತು. ಬಸುರಿಯರ ವಾಂತಿಗೂ ಕೊಟ್ಟರು. ಬೇರೆ ಬೇರೆ ಹೆಸರುಗಳಲ್ಲಿ ಹತ್ತಾರು ದೇಶಗಳಿಗೆ ಹೋಯಿತು.

ಆಮೇಲೆ ಕೈಕಾಲು ಮೊಟಕಾದ ಮಕ್ಕಳು ಹುಟ್ಟತೊಡಗಿದರು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯಾದ ಹೆರಿಗೆ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಬೇರೆ ಬೇರೆಯಾಗಿ ಇದೇ ಮಾತ್ರೆಯ ಕಡೆ ಬೆರಳು ತೋರಿಸಿದರು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಅಷ್ಟರಲ್ಲಿ ಲೋಕದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಪೆಟ್ಟು ಬಿದ್ದಿತ್ತು ಎಂಬ ಅಂದಾಜಿದೆ. ಗರ್ಭ ನಿಂತ ಸುಮಾರು 20ನೇ ದಿನದಿಂದ 36ನೇ ದಿನದವರೆಗಿನ ಅವಧಿಯೇ ಎಲ್ಲಕ್ಕಿಂತ ಅಪಾಯ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಮೊದಲೇ ಆ ದಿನಗಳು ಮುಗಿದಿರುತ್ತವೆ. ಅವತ್ತು ಒಂದೇ ಒಂದು ಮಾತ್ರೆ ಸಾಕಾಗುತ್ತಿತ್ತು.

ನೋಡಿದವರು ಒಬ್ಬರಿದ್ದರು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಗೆ ಆಗಷ್ಟೇ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ. ಈ ಮಾತ್ರೆಯನ್ನು ಬಹಳ ದಿನ ನುಂಗಿದವರ ಕೈಕಾಲು ಜುಮ್ಮೆನ್ನುತ್ತದೆ ಎಂದು ಬ್ರಿಟನ್ನಿನ ವೈದ್ಯರೊಬ್ಬರು ಪತ್ರಿಕೆಗೆ ಬರೆದಿದ್ದರು. ಅದು ಕೆಲ್ಸಿ ಕಣ್ಣಿಗೆ ಬಿತ್ತು. ನರಕ್ಕೆ ಹೀಗೆ ಮಾಡುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡೀತು ಎಂದು ಕೇಳಿದರು. ಕಂಪನಿ ಮತ್ತೆ ಮತ್ತೆ ಒತ್ತಾಯ ಮಾಡಿದರೂ ಸಹಿ ಹಾಕಲಿಲ್ಲ. ಆ ಕಾಲದಲ್ಲಿ ಈ ಮಾತ್ರೆ ಅಮೆರಿಕದ ಅಂಗಡಿಗಳಿಗೆ ಬರಲೇ ಇಲ್ಲ.

ಹೊರಗೆ ಹಾಕಿದ ಮಾತ್ರೆ ವಾಪಸ್ ಬಂದಿದ್ದು ಹೇಗೆ?

ಕುಷ್ಠರೋಗದ ದಾರಿಯಿಂದ. 1964ರಲ್ಲಿ ಜೆರುಸಲೇಮಿನಲ್ಲಿ ಜೇಕಬ್ ಶೆಸ್ಕಿನ್ ಎಂಬ ವೈದ್ಯರ ಬಳಿ ಒಬ್ಬ ಕುಷ್ಠರೋಗಿ ಇದ್ದ. ಮೈತುಂಬ ನೋವಿನ ಗಂಟುಗಳು, ಜ್ವರ. ರಾತ್ರಿ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಉಳಿದಿದ್ದ ಹಳೆಯ ನಿದ್ದೆ ಮಾತ್ರೆಗಳಲ್ಲಿ ಇದೊಂದಿತ್ತು. ಕೊಟ್ಟರು. ನಿದ್ದೆ ಬಂತು. ಒಂದೆರಡು ದಿನದಲ್ಲಿ ಗಂಟುಗಳೂ ಇಳಿದವು! ಬೇರೆ ರೋಗಿಗಳಿಗೆ ಕೊಟ್ಟಾಗಲೂ ಹಾಗೇ ಆಯಿತು. ಅದು ಕುಷ್ಠದ ರೋಗಾಣುವನ್ನು ಕೊಲ್ಲುವುದಿಲ್ಲ. ದೇಹವೇ ಎಬ್ಬಿಸುವ ಉರಿಯೂತವನ್ನು ತಣಿಸುತ್ತದೆ.

ಈ ಉಪಯೋಗಕ್ಕೆ ಅಮೆರಿಕ 1998ರಲ್ಲಿ ಅನುಮತಿ ಕೊಟ್ಟಿತು. ಅದೂ ಬಿಗಿ ಕಟ್ಟುಪಾಡಿನೊಂದಿಗೆ. ಯಾಕೆಂದರೆ ಬ್ರೆಜಿಲ್ಲಿನಲ್ಲಿ ಕುಷ್ಠಕ್ಕೆ ಕೊಟ್ಟ ಮಾತ್ರೆ ಬಸುರಿಯರ ಕೈಗೂ ಹೋಗಿ, ಲೋಕ ಈ ಕತೆ ಮುಗಿಯಿತು ಎಂದುಕೊಂಡ ಮೇಲೂ ಅಂಥ ಮಕ್ಕಳು ಹುಟ್ಟಿದ್ದರು.

ಕುಷ್ಠದ ಮದ್ದು ಕ್ಯಾನ್ಸರಿಗೆ ಹೇಗಾಯ್ತು?

ಗಡ್ಡೆಗಳು ಬೆಳೆಯಲು ಹೊಸ ರಕ್ತನಾಳ ಎಳೆದುಕೊಳ್ಳುತ್ತವೆ, ಅದನ್ನು ತಡೆದರೆ ಕ್ಯಾನ್ಸರನ್ನು ಹಸಿವಿನಲ್ಲಿ ಕೆಡವಬಹುದು ಎನ್ನುವುದು ಬಾಸ್ಟನ್ನಿನ ಜೂಡಾ ಫೋಕ್‌ಮನ್ ಅವರ ವಾದ. ಅವರ ಪ್ರಯೋಗಾಲಯದ ರಾಬರ್ಟ್ ಡಿಅಮಾಟೊ ಒಂದು ಚೆಂದದ ತರ್ಕ ಹಿಡಿದರು. ಮಗುವಿನ ಕೈ ಚಿಗುರದಂತೆ ಮಾಡುವ ಮಾತ್ರೆ ಬಹುಶಃ ರಕ್ತನಾಳ ಚಿಗುರುವುದನ್ನೇ ತಡೆಯುತ್ತಿರಬೇಕು. 1994ರಲ್ಲಿ ಮೊಲದ ಕಣ್ಣಿನಲ್ಲಿ ಅದನ್ನು ತೋರಿಸಿಯೂ ಕೊಟ್ಟರು.

1997ರ ಹೊತ್ತಿಗೆ ಮೈಲೋಮಾದ ರೋಗಿಯೊಬ್ಬರ ಹೆಂಡತಿ, ಬೇರೆ ದಾರಿಯೆಲ್ಲ ಮುಚ್ಚಿದ ಮೇಲೆ, ಫೋಕ್‌ಮನ್ ಅವರಿಗೇ ಫೋನ್ ಮಾಡಿದರು. ಅವರು ಥ್ಯಾಲಿಡೋಮೈಡ್ ಹೆಸರು ಹೇಳಿದರು. ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿ ಬಾರ್ಟ್ ಬಾರ್ಲೋಗಿ ಕೊಟ್ಟು ನೋಡಿದರು. ಆಕೆಯ ಗಂಡನಿಗೆ ಅದು ಹತ್ತಲಿಲ್ಲ, ಅವರು ಉಳಿಯಲಿಲ್ಲ. ಆದರೆ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿಗೆ ಹತ್ತಿತು. ಈ ಕತೆ ಹೇಳುವಾಗ ಆ ಹೆಂಗಸು ನೆನಪಾಗದೆ ಇರುವುದಿಲ್ಲ.

ಆಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಸೀಮಾ ಸಿಂಘಾಲ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ 84 ರೋಗಿಗಳಿದ್ದರು. ಎಲ್ಲರೂ ಬೇರೆ ಚಿಕಿತ್ಸೆ ಸೋತವರು. ಅವರಲ್ಲಿ ಶೇ. 32ರಷ್ಟು ಜನರಲ್ಲಿ ಕೆಟ್ಟ ಪ್ರೋಟೀನಿನ ಮಟ್ಟ ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿ ಇಳಿದಿತ್ತು. ಹೊಸ ಮೈಲೋಮಾ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೊತೆ ಕೊಡಲು ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು.

## ಮಾತ್ರೆ ಮನೆಗೆ ಬಂದ ಮೇಲೆ

ನಿಜವಾಗ್ಲೂ ವಾಸಿಯಾಗುತ್ತಾ, ಇಲ್ಲ ಸುಮ್ನೆ ಸಮಾಧಾನಕ್ಕಾ?

ಸಮಾಧಾನಕ್ಕಲ್ಲ. ಆದರೆ ಮೈಲೋಮಾ ಬೇರುಸಹಿತ ಹೋಗುವ ಕಾಯಿಲೆಯೂ ಅಲ್ಲ. ಹತೋಟಿಯಲ್ಲಿ ಇಡುವುದೇ ಗುರಿ. ಫ್ರಾನ್ಸಿನ ಒಂದು ದೊಡ್ಡ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. 65ರಿಂದ 75 ವರ್ಷದ ರೋಗಿಗಳು. ಒಂದು ಗುಂಪಿಗೆ ಆಗ ರೂಢಿಯಲ್ಲಿದ್ದ ಮೆಲ್ಫಲಾನ್ ಮತ್ತು ಪ್ರೆಡ್ನಿಸೋನ್, ಇನ್ನೊಂದಕ್ಕೆ ಅವೆರಡರ ಜೊತೆ ಥ್ಯಾಲಿಡೋಮೈಡ್. ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 33.2 ತಿಂಗಳು, ಎರಡನೆಯದರಲ್ಲಿ 51.6 ತಿಂಗಳು. ಅಂದರೆ ಒಂದೂವರೆ ವರ್ಷ ಜಾಸ್ತಿ. ಆಮೇಲೆ ಬೋರ್ಟೆಝೋಮಿಬ್ ಇಂಜೆಕ್ಷನ್ನು ಮತ್ತು ಇನ್ನೂ ಹೊಸ ಮದ್ದುಗಳು ಬಂದು ಲೆಕ್ಕ ಇನ್ನಷ್ಟು ಸುಧಾರಿಸಿದೆ. ಥ್ಯಾಲಿಡೋಮೈಡನ್ನು ಒಂಟಿಯಾಗಿ ಕೊಡುವುದು ಈಗ ಅಪರೂಪ.

ಅಪ್ಪನಿಗೆ ವಯಸ್ಸಾಗಿದೆ. ಡಬ್ಬಿ ಮೇಲೆ ಗರ್ಭಿಣಿ ಚಿತ್ರಕ್ಕೆ ಅಡ್ಡಗೆರೆ ಯಾಕೆ? ಮನೇಲಿ ಸೊಸೆ ಬಸುರಿ, ಏನಾದ್ರೂ ಆಗುತ್ತಾ?

ಒಂದೇ ಮನೆಯಲ್ಲಿದ್ದರೆ, ಒಟ್ಟಿಗೆ ಊಟ ಮಾಡಿದರೆ, ಮಾವ ಮುಟ್ಟಿದರೆ ಏನೂ ಆಗುವುದಿಲ್ಲ. ಮಗು ಹುಟ್ಟಿದ ಮೇಲೆ ತಾತ ಎತ್ತಿಕೊಳ್ಳಲಿ. ಆದರೆ ಸೊಸೆ ಆ ಮಾತ್ರೆಯನ್ನು ಮುಟ್ಟುವುದು ಬೇಡ. ಕ್ಯಾಪ್ಸೂಲ್ ಒಡೆದು ಪುಡಿ ಚೆಲ್ಲಿದರಂತೂ ಅವರು ಒರೆಸಬಾರದು, ಬೇರೆಯವರು ಗ್ಲೌಸ್ ಹಾಕಿಕೊಂಡು ಒರೆಸಲಿ. ನುಂಗಲು ಕಷ್ಟ ಎಂದು ಕ್ಯಾಪ್ಸೂಲ್ ಬಿಚ್ಚಿ ಬಾಳೆಹಣ್ಣಿನಲ್ಲಿ ಕಲಸಿ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಗಂಡಸರಿಗೂ ಕಟ್ಟುಪಾಡಿದೆ. ಈ ಔಷಧಿ ವೀರ್ಯದಲ್ಲಿ ಬರುತ್ತದೆ. ಮಗುವಾಗುವ ವಯಸ್ಸಿನ ಹೆಂಗಸಿನ ಜೊತೆ ಸೇರುವುದಿದ್ದರೆ ಕಾಂಡೋಮ್ ಬೇಕೇ ಬೇಕು, ಮಕ್ಕಳಾಗದಂತೆ ಆಪರೇಷನ್ ಆಗಿದ್ದರೂ ಬೇಕು. ಮಾತ್ರೆ ನಿಲ್ಲಿಸಿ 4 ವಾರದವರೆಗೂ ಇದೇ ನಿಯಮ, ಅಷ್ಟು ದಿನ ರಕ್ತದಾನವೂ ಇಲ್ಲ. ಮಗುವಾಗುವ ವಯಸ್ಸಿನ ಹೆಂಗಸೇ ರೋಗಿಯಾದರೆ ಶುರು ಮಾಡುವ 4 ವಾರ ಮುಂಚಿನಿಂದಲೇ ಎರಡು ಥರದ ಗರ್ಭನಿರೋಧಕ, ಆಗಾಗ ಬಸಿರಿನ ಪರೀಕ್ಷೆ. ಇದನ್ನೆಲ್ಲ ಕಿಟಕಿಯಲ್ಲಿ ಹೇಳುವಾಗ ಹಿಂದಿನವರು ಕೇಳಿಸಿಕೊಳ್ಳುತ್ತಾರೆ ಎಂದು ಜನ ತಲೆ ತಗ್ಗಿಸುತ್ತಾರೆ. ಪಕ್ಕಕ್ಕೆ ಕರೆಯಿರಿ, ಹೇಳುತ್ತೇವೆ.

ಇಡೀ ದಿನ ತೂಕಡಿಸ್ತಾರೆ. ಮೂರು ದಿನದಿಂದ ಕಕ್ಕಸಿಗೂ ಹೋಗಿಲ್ಲ.

ಹುಟ್ಟಾ ನಿದ್ದೆ ಮಾತ್ರೆ ಇದು, ಆ ಗುಣ ಬಿಟ್ಟಿಲ್ಲ. ಅದಕ್ಕೇ ರಾತ್ರಿ ಊಟವಾಗಿ ಒಂದು ಗಂಟೆ ಕಳೆದ ಮೇಲೆ, ಮಲಗುವ ಹೊತ್ತಿಗೆ ಕೊಡುವುದು. ಗಾಡಿ ಓಡಿಸಬಾರದು, ಕುಡಿತ ಬೇಡ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಒಬ್ಬರು ಜೊತೆಗಿರಿ. ಮೊದಲೇ ಮೂಳೆ ಸವೆದಿರುತ್ತದೆ, ಬಿದ್ದರೆ ಮುರಿಯುತ್ತದೆ. ಮಲಬದ್ಧತೆಯೂ ಈ ಮಾತ್ರೆಯದೇ. ನೀರು, ಸೊಪ್ಪು ಸಾಕಾಗದಿದ್ದರೆ ಸಂಕೋಚಪಡದೆ ಡಾಕ್ಟರಿಗೆ ಹೇಳಿ, ಅದಕ್ಕೂ ಮದ್ದಿದೆ.

ಪಾದ ಜುಮ್ ಅನ್ನುತ್ತೆ, ಚಪ್ಪಲಿ ಜಾರಿದ್ದೂ ಗೊತ್ತಾಗಲ್ಲ ಅಂತಾರೆ. ಶುಗರ್ ಇರಬೇಕು ಅಂತ ಸುಮ್ಮನಿದ್ವಿ.

ಸುಮ್ಮನಿರಬೇಡಿ. ಕೆಲ್ಸಿಯವರಿಗೆ ಅನುಮಾನ ಹುಟ್ಟಿಸಿದ ಜುಮ್ಮು ಇದೇ. ದಿನ ಕಳೆದಂತೆ ಈ ಮಾತ್ರೆ ಕೈಕಾಲಿನ ನರಗಳನ್ನು ಕೆಡಿಸಬಹುದು. ಮೊದಲೇ ಹೇಳಿದರೆ ಡೋಸು ಇಳಿಸುತ್ತಾರೆ, ಇಲ್ಲ ಬೇರೆ ಮದ್ದಿಗೆ ಬದಲಾಯಿಸುತ್ತಾರೆ. ತಡಮಾಡಿದರೆ ಮರಗಟ್ಟಿದ್ದು ಹಾಗೇ ಉಳಿದುಬಿಡಬಹುದು. ಬೋರ್ಟೆಝೋಮಿಬ್ ಕೂಡ ಇದನ್ನೇ ಮಾಡುತ್ತದೆ, ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಮೂರೂ ಕೂಡಿಕೊಳ್ಳುತ್ತವೆ. ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತಿದೆಯೇ, ಕಾಲಿನ ಕೆಳಗೆ ಹತ್ತಿ ಇಟ್ಟಂತಾಗುತ್ತಿದೆಯೇ ಎಂದು ವಾರಕ್ಕೊಮ್ಮೆ ಮನೆಯವರೇ ಕೇಳಿ. ಹಿರಿಯರು ತಾವಾಗಿ ಹೇಳುವುದಿಲ್ಲ.

ಹೃದಯ ಗಟ್ಟಿಯಾಗಿದೆ ಅಂದಿದ್ದಾರೆ. ಮತ್ಯಾಕೆ ಆಸ್ಪಿರಿನ್ ಬರೆದ್ರು?

ರಕ್ತ ಹೆಪ್ಪುಗಟ್ಟದಿರಲಿ ಎಂದು. ಥ್ಯಾಲಿಡೋಮೈಡ್ ಮತ್ತು ಡೆಕ್ಸಾಮೆಥಾಸೋನ್ ಒಟ್ಟಿಗೆ ಬಿದ್ದರೆ ಕಾಲಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಏರುತ್ತದೆ. ಕೆಲವರಿಗೆ ಆಸ್ಪಿರಿನ್ ಸಾಕು, ಕೆಲವರಿಗೆ ಹೆಪಾರಿನ್ ಇಂಜೆಕ್ಷನ್ ಬೇಕು. ಒಂದೇ ಕಾಲು ಊದಿಕೊಂಡು ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ಪಕ್ಕದ ಬೆಡ್‌ನವರಿಗೆ ಲೆನಾಲಿಡೋಮೈಡ್ ಕೊಟ್ಟಿದ್ದಾರೆ. ನಾವು ಬಡವರು ಅಂತ ಹಳೇದು ಕೊಟ್ರಾ?

ಈ ಪ್ರಶ್ನೆ ಕೇಳುವಾಗ ಜನರ ದನಿಯೇ ಬೇರೆ. ಲೆನಾಲಿಡೋಮೈಡ್ ಇದರದೇ ತಮ್ಮ. ಥ್ಯಾಲಿಡೋಮೈಡಿನ ಅಣುವನ್ನೇ ತುಸು ತಿದ್ದಿ ಮಾಡಿದ್ದು. ತೂಕಡಿಕೆ ಕಡಿಮೆ, ನರದ ತೊಂದರೆ ಕಡಿಮೆ, ಮೈಲೋಮಾದ ಮೇಲೆ ಹಿಡಿತ ಜಾಸ್ತಿ. ಹಾಗಾಗಿ ಬಹಳ ಕಡೆ ಈಗ ಅದಕ್ಕೇ ಮೊದಲ ಜಾಗ. ಆದರೆ ಅದು ರಕ್ತಕಣಗಳನ್ನು ಇಳಿಸುತ್ತದೆ. ಕಿಡ್ನಿಯ ಮೂಲಕ ಹೊರಹೋಗುವುದರಿಂದ ಕಿಡ್ನಿ ಸೋತಿದ್ದರೆ ಡೋಸು ಇಳಿಸಬೇಕು. ಥ್ಯಾಲಿಡೋಮೈಡಿಗೆ ಆ ತಾಪತ್ರಯ ಇಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋತದ್ದನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಿದ ರೋಗಿಗೆ ಹಳೆಯದನ್ನು ಬರೆಯುವುದಕ್ಕೆ ಇದೂ ಒಂದು ಕಾರಣ.

ದುಡ್ಡಿನ ಲೆಕ್ಕವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಎರಡಕ್ಕೂ ನಮ್ಮ ದೇಶದ ಕಂಪನಿಗಳ ಜೆನೆರಿಕ್ ಇದೆ, ವ್ಯತ್ಯಾಸ ಮೊದಲಿನಷ್ಟಿಲ್ಲ. "ನಮಗೆ ಇದೇ ಯಾಕೆ?" ಎಂದು ನೇರವಾಗಿ ಡಾಕ್ಟರನ್ನು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಚಿಕಿತ್ಸೆಗೆ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ವಿಚಾರಿಸಿ.

ಒಂದು ಸ್ಟ್ರಿಪ್ ಉಳಿದಿದೆ. ಬೇರೆ ರೋಗಿಗೆ ಕೊಟ್ರೆ ಪುಣ್ಯ ಅಲ್ವಾ?

ಬೇರೆ ಮಾತ್ರೆಯಾದರೆ ನಿಮ್ಮ ಮನಸ್ಸು ದೊಡ್ಡದು ಎನ್ನುತ್ತಿದ್ದೆ. ಇದನ್ನು ಮಾತ್ರ ಕೊಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ತಂದು ಕಿಟಕಿಯಲ್ಲಿ ವಾಪಸ್ ಕೊಡಿ. ಬ್ರೆಜಿಲ್ಲಿನಲ್ಲಿ ಮಾತ್ರೆ ಕೈಯಿಂದ ಕೈಗೆ ಹೋಗಿಯೂ ಅನಾಹುತವಾಗಿದೆ.

## ಇನ್ನೂ ಒಳಗೆ ಹೋಗಿ ಕೇಳಿದವರಿಗೆ

ಒಂದೇ ಮಾತ್ರೆ ಮಗುವಿನ ಕೈಯನ್ನೂ ಕೆಡಿಸುತ್ತೆ, ಕ್ಯಾನ್ಸರನ್ನೂ ಕೊಲ್ಲುತ್ತೆ. ಒಳಗೆ ಮಾಡೋದಾದ್ರೂ ಏನು?

ಐವತ್ತು ವರ್ಷ ಇದಕ್ಕೆ ಉತ್ತರ ಇರಲಿಲ್ಲ. 2010ರಲ್ಲಿ ಜಪಾನಿನ ತಕುಮಿ ಇಟೊ, ಹಿರೋಶಿ ಹಾಂಡ ಮತ್ತು ಸಂಗಡಿಗರು ಥ್ಯಾಲಿಡೋಮೈಡ್ ಹೋಗಿ ಅಂಟಿಕೊಳ್ಳುವ ಪ್ರೋಟೀನನ್ನು ಹಿಡಿದರು. ಹೆಸರು ಸೆರೆಬ್ಲಾನ್.

ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಡಿನಲ್ಲಿ ಯಾವ ಮರ ಕಡಿಯಬೇಕೋ ಅದಕ್ಕೆ ಮೊದಲು ಮಾರ್ಕಿಂಗ್ ಹಾಕುತ್ತಾರೆ. ಗುರುತು ಬಿದ್ದ ಮರಕ್ಕೆ ಗರಗಸ. ಕೋಶದೊಳಗೂ ಹೀಗೇ. ಕೆಲಸ ಮುಗಿದ ಪ್ರೋಟೀನಿಗೆ ಒಂದು ಗುರುತು ಹತ್ತುತ್ತದೆ, ಆಮೇಲೆ ಅದನ್ನು ಒಡೆದು ಹಾಕುತ್ತಾರೆ. ಆ ಗುರುತು ಹಚ್ಚುವ ತಂಡದಲ್ಲಿ ಸೆರೆಬ್ಲಾನ್ ಒಬ್ಬ. ಥ್ಯಾಲಿಡೋಮೈಡ್ ಬಂದು ಅಂಟಿಕೊಂಡರೆ ಅವನ ಕಣ್ಣು ಬೇರೆ ಮರಗಳ ಮೇಲೆ ಬೀಳುತ್ತದೆ. ಕಡಿಯಬಾರದ ಮರಗಳಿಗೆ ಗುರುತು ಹಾಕುತ್ತಾ ಹೋಗುತ್ತಾನೆ.

ಮೈಲೋಮಾ ಕೋಶದಲ್ಲಿ ಹೀಗೆ ಉರುಳುವುದು ಇಕರೋಸ್ ಮತ್ತು ಅಯೊಲೋಸ್ ಎಂಬ ಎರಡು ಪ್ರೋಟೀನು. ಅವಿಲ್ಲದೆ ಆ ಕೋಶ ಬದುಕದು. ಇದು ಸ್ಪಷ್ಟವಾದದ್ದು 2014ರಲ್ಲಿ, ಲೆನಾಲಿಡೋಮೈಡನ್ನು ಇಟ್ಟುಕೊಂಡು. ಭ್ರೂಣದಲ್ಲಿ ಉರುಳುವುದು ಸಾಲ್-4 ಎಂಬುದು, ಕೈಕಾಲು ಮೂಡಲು ಬೇಕಾದ ಪ್ರೋಟೀನು. ಇದು ಗೊತ್ತಾದದ್ದು 2018ರಲ್ಲಿ. ಆ ಜೀನಿನಲ್ಲೇ ದೋಷವಿಟ್ಟುಕೊಂಡು ಹುಟ್ಟುವ ಮಕ್ಕಳ ಕೈ ನೋಡಿದರೆ ಥ್ಯಾಲಿಡೋಮೈಡ್ ಮಕ್ಕಳ ಕೈಯ ಹಾಗೇ ಇರುತ್ತದೆ. ರಕ್ತನಾಳದ ತರ್ಕ ಪೂರ್ತಿ ಸುಳ್ಳಲ್ಲ, ಆದರೆ ಮೈಲೋಮಾದಲ್ಲಿ ಮುಖ್ಯ ಕೆಲಸ ಅದಲ್ಲ. ತಪ್ಪು ವಿಳಾಸ ಹಿಡಿದು ಸರಿಯಾದ ಮನೆಗೆ ಬಂದ ಹಾಗಾಯಿತು.

ಎಡಗೈ ಬಲಗೈ ಥರ ಎರಡು ರೂಪ ಇದೆಯಂತೆ. ಕೆಟ್ಟದ್ದನ್ನ ತೆಗೆದು ಒಳ್ಳೇದು ಮಾತ್ರ ಕೊಡಬಹುದಲ್ಲ?

ಪಿಯುಸಿ ಕೆಮಿಸ್ಟ್ರಿ ಓದಿದ ಮಕ್ಕಳು ಕೇಳುವ ಪ್ರಶ್ನೆ. ಎರಡು ರೂಪ ಇರುವುದು ನಿಜ. ಆದರೆ ಒಂದನ್ನೇ ಕೊಟ್ಟರೂ ದೇಹದೊಳಗೆ ಅದು ಇನ್ನೊಂದಾಗಿ ತಿರುಗುತ್ತದೆ. ಬೇರೆ ಮಾಡಿ ಪ್ರಯೋಜನವಿಲ್ಲ.

ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದ್ರೆ ಆಗಲೇ ಗೊತ್ತಾಗ್ತಿರಲಿಲ್ವಾ?

ಹೊಸ ಮಾತ್ರೆಯನ್ನು ಬಸುರಿ ಪ್ರಾಣಿಗಳಿಗೆ ಕೊಟ್ಟು ನೋಡಲೇಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ. ಇಲಿಗಳಲ್ಲಿ ಮಾತ್ರ ನೋಡಿದ್ದರೆ ತಪ್ಪಿಸಿಕೊಳ್ಳುತ್ತಿತ್ತು. ಇಲಿಯ ಸೆರೆಬ್ಲಾನಿನಲ್ಲಿ ಒಂದು ಮುಖ್ಯ ಜಾಗದಲ್ಲಿ ಅಮೈನೋ ಆಮ್ಲ ಬೇರೆ ಇದೆ, ಈ ಮಾತ್ರೆಯ ಆಟ ಅಲ್ಲಿ ನಡೆಯದಿರುವುದಕ್ಕೆ ಅದೂ ಒಂದು ಕಾರಣ. ಕೆಲವು ತಳಿಯ ಮೊಲಗಳಲ್ಲಿ, ಕೋತಿಗಳಲ್ಲಿ ಕಾಣುತ್ತದೆ. ಇವತ್ತು ಮರಿಗಳ ಮೇಲಿನ ಪರೀಕ್ಷೆಗೆ ಇಲಿಯ ಜೊತೆ ಮೊಲವನ್ನೂ ಬಳಸುವುದಕ್ಕೆ ಈ ಇತಿಹಾಸವೂ ಕಾರಣ.

ಹಾಗಾದ್ರೆ ಶುಗರ್ ಮಾತ್ರೆ, ಹುಳುವಿನ ಮಾತ್ರೆ ಕೂಡ ಕ್ಯಾನ್ಸರಿಗೆ ಆಗಬಹುದಲ್ಲ? ವಾಟ್ಸಾಪ್‌ನಲ್ಲಿ ಬಂದಿತ್ತು.

ಆಗಬಹುದು ಎನ್ನುವುದಕ್ಕೂ ಆಗುತ್ತದೆ ಎನ್ನುವುದಕ್ಕೂ ನಡುವೆ ಒಂದು ಪರೀಕ್ಷೆ ಇದೆ. ಮೆಟ್‌ಫಾರ್ಮಿನ್ ನೋಡಿ. ಶುಗರಿಗೆ ಅದನ್ನು ನುಂಗುವವರಲ್ಲಿ ಕ್ಯಾನ್ಸರ್ ಕಡಿಮೆ ಎಂದು ಹಳೆಯ ಲೆಕ್ಕಗಳು ಹೇಳುತ್ತಿದ್ದವು, ಪ್ರಯೋಗಾಲಯದಲ್ಲೂ ಚೆನ್ನಾಗಿ ಕಂಡಿತು. ಆಮೇಲೆ ಸಕ್ಕರೆ ಕಾಯಿಲೆ ಇಲ್ಲದ 3649 ಸ್ತನ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೆಟ್‌ಫಾರ್ಮಿನ್, ಇನ್ನೊಂದಕ್ಕೆ ಬರೀ ಹಿಟ್ಟಿನ ಮಾತ್ರೆ ಐದು ವರ್ಷ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮುಖ್ಯವಾಗಿ ನೋಡಿದ ರೋಗಿಗಳಲ್ಲಿ, ಯಾವ ಮಾತ್ರೆ ನುಂಗಿದರೂ ಕ್ಯಾನ್ಸರ್ ಮರುಕಳಿಸುವುದರಲ್ಲಿ ವ್ಯತ್ಯಾಸ ಇರಲಿಲ್ಲ.

ಐವರ್ಮೆಕ್ಟಿನ್, ನಾಯಿಗೆ ಕೊಡುವ ಫೆನ್‌ಬೆಂಡಜೋಲ್ ಇಷ್ಟು ದೂರವೂ ಬಂದಿಲ್ಲ. ಗಾಜಿನ ತಟ್ಟೆಯಲ್ಲಿ ಕೋಶ ಸತ್ತರೆ ಸುದ್ದಿಯಾಗುತ್ತದೆ. ತಟ್ಟೆಯಲ್ಲಿ ಫಿನಾಯಿಲ್ ಸುರಿದರೂ ಸಾಯುತ್ತವೆ. ಕದ್ದುಮುಚ್ಚಿ ನುಂಗಿ ಲಿವರ್ ಕೆಡಿಸಿಕೊಂಡರೆ ನಡೆಯುತ್ತಿರುವ ಕೀಮೋ ಕೂಡ ನಿಲ್ಲಿಸಬೇಕಾಗುತ್ತದೆ. ಏನೇ ತಗೊಳ್ಳುತ್ತಿದ್ದರೂ, ಕಷಾಯವಾದರೂ ಸರಿ, ಡಾಕ್ಟರಿಗೆ ಹೇಳಿ. ಬೈದರೂ ಪರವಾಗಿಲ್ಲ.

ಈ ಮಾತ್ರೆ ಇನ್ನೆಷ್ಟು ದಿನ ಬರೀತಾರೆ? ಹೊಸದು ಬಂದಿದೆಯಲ್ಲ.

ಥ್ಯಾಲಿಡೋಮೈಡಿನ ಜಾಗ ಚಿಕ್ಕದಾಗುತ್ತಿದೆ, ಖಾಲಿಯಾಗಿಲ್ಲ. 2019ರಲ್ಲಿ ಪ್ರಕಟವಾದ ಯುರೋಪಿನ ಒಂದು ಪರೀಕ್ಷೆಯಲ್ಲಿ, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟಿಗೆ ಹೊರಟ 1085 ರೋಗಿಗಳಿಗೆ ಬೋರ್ಟೆಝೋಮಿಬ್, ಡೆಕ್ಸಾಮೆಥಾಸೋನ್ ಜೊತೆ ಥ್ಯಾಲಿಡೋಮೈಡೇ ಇತ್ತು. ಅರ್ಧ ಜನಕ್ಕೆ ಡಾರಾಟುಮುಮಾಬ್ ಎಂಬ ಹೊಸ ಇಂಜೆಕ್ಷನ್ ಸೇರಿಸಿದರು, ಅವರಿಗೆ ಹೆಚ್ಚು ಲಾಭವಾಯಿತು.

ಇದರ ಪೀಳಿಗೆ ಬೆಳೆಯುತ್ತಿದೆ. ಲೆನಾಲಿಡೋಮೈಡ್ ಆದ ಮೇಲೆ 2013ರಲ್ಲಿ ಪೊಮಾಲಿಡೋಮೈಡ್ ಬಂತು. ಐಬರ್ಡೋಮೈಡ್, ಮೆಜಿಗ್ಡೋಮೈಡ್ ಎಂಬ ಇನ್ನಿಬ್ಬರು ಪರೀಕ್ಷೆಯ ಸಾಲಿನಲ್ಲಿ ಬಂದಿದ್ದಾರೆ. ಸೆರೆಬ್ಲಾನಿನ ಕೈಗೆ ಬೇಕಾದ ಮರ ತೋರಿಸಿ ಕಡಿಸುವ ಅಣುಗಳನ್ನು ಬೇಕೆಂದೇ ಕಟ್ಟುವ ಕೆಲಸ ಈಗ ಹಲವು ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ, ಮೈಲೋಮಾ ಅಲ್ಲದ ಕ್ಯಾನ್ಸರುಗಳಿಗೂ. ಈಗ ನಾವು ಕೊಡುವ ಮೂರೂ ಮಾತ್ರೆಗಳ ಡಬ್ಬಿಯ ಮೇಲೆ ಬಸುರಿ ಹೆಂಗಸಿನ ಚಿತ್ರಕ್ಕೆ ಎಳೆದ ಅಡ್ಡಗೆರೆ ಹಾಗೇ ಇದೆ. ಅದನ್ನು ತೋರಿಸಿ, ಓದಿ ಹೇಳಿಯೇ ಡಬ್ಬಿ ಕಿಟಕಿಯಾಚೆ ದಾಟಿಸುತ್ತೇನೆ. ಸಾಲು ಎಷ್ಟೇ ಉದ್ದ ಇರಲಿ.